ಯುರೋಪಿನವರು ಜಗತ್ತು ಹಿಡಿದದ್ದು ಬಂದೂಕಿನಿಂದಲೋ, ಸಾಲಪತ್ರದಿಂದಲೋ?

ದಾರಿಹೋಕ
ಬಹಳ ದಿನದಿಂದ ತಲೆ ಕೊರೀತಿರೋ ಪ್ರಶ್ನೆ. 1500ರ ಹೊತ್ತಿಗೆ ಪೋರ್ಚುಗಲ್‌ನ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅಷ್ಟು ಪುಟ್ಟ ದೇಶ ಬ್ರೆಜಿಲ್‌ನಿಂದ ಮಕಾವುವರೆಗೆ ಕೋಟೆ ಕಟ್ಟಿಕೊಂಡು ಕೂತಿತು. ಅದಕ್ಕೂ ಮೊದಲೇ, 1494ರಲ್ಲಿ, ಸ್ಪೇನ್ ಮತ್ತು ಪೋರ್ಚುಗಲ್ ತೊರ್ದೆಸಿಯಾಸ್ ಎಂಬ ಊರಲ್ಲಿ ಒಪ್ಪಂದ ಮಾಡಿಕೊಂಡು ಅಟ್ಲಾಂಟಿಕ್ ಮಧ್ಯೆ ಗೆರೆ ಎಳೆದವು. ಆ ಕಡೆಯದು ನಿಂದು, ಈ ಕಡೆಯದು ನಂದು. ಗೆರೆಯಾಚೆ ಎಷ್ಟು ನೆಲ ಇದೆ, ಯಾರಿದ್ದಾರೆ ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಧೈರ್ಯ ನೋಡಿ!

ಪಠ್ಯಪುಸ್ತಕದಲ್ಲಿ ಓದಿದ ಉತ್ತರ ಮೂರೇ: ಒಳ್ಳೆ ಬಂದೂಕು, ಒಳ್ಳೆ ಹಡಗು, ಸ್ಥಳೀಯ ರಾಜರ ಒಳಜಗಳ. ಆದರೆ 1757ರ ಬಂಗಾಳದ ಪ್ಲಾಸಿ ಕದನದಲ್ಲಿ ಬ್ರಿಟಿಷ್ ಕಂಪನಿಯ ಕ್ಲೈವ್ ಕಡೆ ಇದ್ದದ್ದು ಸುಮಾರು 3,000 ಜನ, ಅದರಲ್ಲೂ ಹೆಚ್ಚಿನವರು ಇಲ್ಲಿಯ ಸಿಪಾಯಿಗಳೇ. ನವಾಬನ ಕಡೆ ಅದರ ಹತ್ತಾರು ಪಟ್ಟು. ಬಂದೂಕಿನ ಲೆಕ್ಕ ಇಲ್ಲಿ ಕೂಡಿಬರಲ್ಲ.

ಇನ್ನೊಂದು ಪ್ರಶ್ನೆ: ಧ್ವಜ ಇಳಿದು ಅರವತ್ತು ಎಪ್ಪತ್ತು ವರ್ಷ ಆದಮೇಲೂ ಅದರ ಬಾಲ ಉಳಿದಿದೆಯಾ, ಅಥವಾ ನಾವು ಸುಮ್ಮನೆ ನೆಪ ಹೇಳ್ತಿದ್ದೀವಾ? “ಎಲ್ಲದಕ್ಕೂ ಬ್ರಿಟಿಷರೇ ಕಾರಣ” ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ, ಪ್ಲೀಸ್.

ತರಲೆ
ಎಲ್ಲದಕ್ಕೂ ಬ್ರಿಟಿಷರೇ ಕಾರಣ. ಮುಗೀತು, ಚರ್ಚೆ ಮುಚ್ಚಿ.

ಕಡಲಂಚು
ಬಂದೂಕನ್ನು ಪೂರ್ತಿ ತಳ್ಳಿಹಾಕಬೇಡಿ, ಆದರೆ ಯಾವಾಗ, ಎಲ್ಲಿ ಅಂತ ನೋಡಿ. ಮೊದಲ ಮುನ್ನೂರು ವರ್ಷ ಏಷ್ಯಾ, ಆಫ್ರಿಕಾಗಳಲ್ಲಿ ಯುರೋಪಿನವರ ಜೋರು ನಡೆದದ್ದು ಬಹುಪಾಲು ಕಡಲ ತಡಿಯಲ್ಲಿ. ಹಡಗಿನ ಮೇಲೆ ತೋಪು ಇಟ್ಟು ಬಂದರು ಹಿಡೀತಿದ್ದರು. 1510ರಲ್ಲಿ ಗೋವಾ, 1511ರಲ್ಲಿ ಮಲಕ್ಕಾ. ಒಳನಾಡಿಗೆ ಕಾಲಿಟ್ಟರೆ ಸೋಲು, ಇಲ್ಲವೇ ಜ್ವರ.

ಆಫ್ರಿಕಾದಲ್ಲಂತೂ ಮಲೇರಿಯಾವೇ ಕಾವಲು ಕಾಯುತ್ತಿತ್ತು. 1870ರ ಸುಮಾರಿಗೂ ಖಂಡದ ಹತ್ತನೇ ಒಂದು ಭಾಗ ಮಾತ್ರ ಯುರೋಪಿನವರ ಕೈಯಲ್ಲಿತ್ತು. ಆಮೇಲೆ ಕ್ವಿನೈನ್, ನದಿಯಲ್ಲಿ ಮೇಲಕ್ಕೆ ಹೋಗಬಲ್ಲ ಉಗಿದೋಣಿ, ತಂತಿ, 1884ರ ಮ್ಯಾಕ್ಸಿಮ್ ಗನ್, ಇವೆಲ್ಲ ಒಟ್ಟಿಗೆ ಸೇರಿದವು. 1914ಕ್ಕೆ ಸ್ವತಂತ್ರವಾಗಿ ಉಳಿದದ್ದು ಇಥಿಯೋಪಿಯಾ ಮತ್ತು ಲೈಬೀರಿಯಾ ಮಾತ್ರ. ನಾನೂರು ವರ್ಷ ಆಗದ ಕೆಲಸ ನಲವತ್ತು ವರ್ಷದಲ್ಲಿ ಆಯ್ತು.

ನೀಲಿ ಶಾಯಿ
ಅಮೆರಿಕ ಖಂಡದ ಕಥೆ ಬೇರೆಯೇ. 1521ರಲ್ಲಿ ಕೊರ್ತೆಸ್ ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್ ಹಿಡಿದಾಗ ಅವನ ಜೊತೆ ಬಂದದ್ದು ತ್ಲಾಕ್ಸ್‌ಕಾಲದ ಸಾವಿರಾರು ಯೋಧರು. ಅಜ್ಟೆಕ್ ದೊರೆಗಳಿಗೆ ಕಪ್ಪ ಕೊಟ್ಟು ಬೇಸತ್ತ ನೆರೆಹೊರೆಯೂ ಅವರೊಂದಿಗೆ ಸೇರಿತು. ಅದರ ಹಿಂದಿನ ವರ್ಷವೇ ಸಿಡುಬು ನಗರದೊಳಗೆ ನುಗ್ಗಿತ್ತು. ಪೆರುವಿನಲ್ಲಿ 1532ರಲ್ಲಿ ಪಿಸಾರೊ ಹತ್ತಿರ ಇದ್ದದ್ದು 168 ಜನ. ಆದರೆ ಇಂಕಾ ದೊರೆ ಅತಾವಲ್ಪ ಆಗಷ್ಟೇ ಮಲಸಹೋದರನ ಜೊತೆ ಅಂತರ್ಯುದ್ಧ ಮುಗಿಸಿದ್ದ. ರೋಗ, ಒಡಕು, ಮೋಸ. ಕೋವಿ ಆಮೇಲೆ.

ಲೆಕ್ಕಿಗ
ಎಲ್ಲರೂ ಸೈನ್ಯದ ಬಗ್ಗೆ ಮಾತಾಡ್ತಿದ್ದೀರಿ. ಸೈನ್ಯಕ್ಕೆ ಸಂಬಳ ಕೊಟ್ಟದ್ದು ಯಾರು ಅಂತ ಯಾರೂ ಕೇಳಲಿಲ್ಲ.

1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಓದಿ: ಕೋಟೆ ಕಟ್ಟಬಹುದು, ಸೈನಿಕರನ್ನು ಇಟ್ಟುಕೊಳ್ಳಬಹುದು, ದೊರೆಗಳ ಜೊತೆ ಕರಾರು ಮಾಡಿಕೊಳ್ಳಬಹುದು. ಆಂಸ್ಟರ್‌ಡ್ಯಾಮ್‌ನಲ್ಲಿ ದುಡ್ಡಿದ್ದ ಯಾರು ಬೇಕಾದರೂ ಅದರ ಷೇರು ಕೊಳ್ಳಬಹುದಿತ್ತು. 1621ರಲ್ಲಿ ಜಾಯಿಕಾಯಿಗಾಗಿ ಬಾಂಡಾ ದ್ವೀಪಗಳ ಜನರಲ್ಲಿ ಬಹುಪಾಲನ್ನು ಕೊಂದು, ಓಡಿಸಿ, ಗುಲಾಮರನ್ನಾಗಿ ಸಾಗಿಸಿದ್ದು ಒಬ್ಬ ರಾಜನಲ್ಲ, ಒಂದು ಷೇರು ಕಂಪನಿ. ಲಾಭ ಹಂಚಿಕೊಂಡವರು ಆ ದ್ವೀಪ ಯಾವ ದಿಕ್ಕಿಗಿದೆ ಅಂತಲೂ ನೋಡಿರಲಿಲ್ಲ.

ಪ್ಲಾಸಿಗೆ ಬರೋಣ. ಅಲ್ಲಿ ತೋಪಿಗಿಂತ ಜೋರಾಗಿ ಮಾತಾಡಿದ್ದು ಬಂಗಾಳದ ಸಾಹುಕಾರರಾದ ಜಗತ್ ಸೇಠ್ ಮನೆತನದ ಹಣ ಮತ್ತು ನವಾಬನ ಸೇನಾಪತಿ ಮೀರ್ ಜಾಫರ್ ಜೊತೆಗಿನ ಗುಟ್ಟಿನ ಕರಾರು. ಆದರೆ ನನ್ನ ಪ್ರಕಾರ 1757ಕ್ಕಿಂತ 1765 ದೊಡ್ಡ ವರ್ಷ. ಆ ವರ್ಷ ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕಿತು. ಅಲ್ಲಿಯವರೆಗೆ ಬಂಗಾಳದ ಬಟ್ಟೆ ಕೊಳ್ಳಲು ಯುರೋಪಿನಿಂದ ಬೆಳ್ಳಿ ಹೊತ್ತು ತರಬೇಕಿತ್ತು. ಆಮೇಲೆ ನೇಕಾರನಿಗೆ ಅವನ ನಾಡಿನ ಕಂದಾಯದ ಹಣವನ್ನೇ ಕೊಟ್ಟು ಬಟ್ಟೆ ಒಯ್ಯತೊಡಗಿದರು. ಬೆಳ್ಳಿ ತರೋದು ಹೆಚ್ಚುಕಡಿಮೆ ನಿಂತೇಹೋಯ್ತು. ಐದೇ ವರ್ಷಕ್ಕೆ 1770ರ ಬರ. ಆಗಲೂ ಕಂದಾಯ ವಸೂಲಿ ನಿಲ್ಲಲಿಲ್ಲ.

ಉಳಿದ ಭಾಗ ಇನ್ನೂ ಮಜಾ. 1833ರ ಸನ್ನದು ಕಾಯಿದೆಯಲ್ಲಿ ಕಂಪನಿಯ ವ್ಯಾಪಾರ ನಿಂತಿತು, ಆದರೆ ಷೇರುದಾರರಿಗೆ ವರ್ಷಕ್ಕೆ ಶೇ. 10.5 ಲಾಭಾಂಶ ಖಾತರಿ. ಕೊಡೋರು ಯಾರು? ಭಾರತದ ಕಂದಾಯ. 1857ರ ದಂಗೆ ಅಡಗಿಸಿದ ಖರ್ಚೂ ಭಾರತದ ಲೆಕ್ಕಕ್ಕೇ. 1858ರಲ್ಲಿ ಆಡಳಿತ ರಾಣಿಗೆ ಹೋದಮೇಲೂ ಲಾಭಾಂಶ ಹೋಗ್ತಾನೇ ಇತ್ತು, 1874ರಲ್ಲಿ ಷೇರಿನ ಮುಖಬೆಲೆಯ ದುಪ್ಪಟ್ಟು ಕೊಟ್ಟು ಚುಕ್ತಾ ಮಾಡುವವರೆಗೆ. ಗೆದ್ದವನ ಬಿಲ್ಲನ್ನು ಸೋತವನೇ ಕಟ್ಟಿದ.

ತರಲೆ
ಬಾಡಿಗೆಗೆ ಬಂದವನು ಮನೆ ಹಿಡ್ಕೊಂಡು, ಬೀಗ ಒಡೆದ ಕೂಲಿಯನ್ನೂ ಮಾಲೀಕನ ಹತ್ರನೇ ಇಸ್ಕೊಂಡ ಹಾಗೆ.

ನೇರನುಡಿ
ಚೆನ್ನಾಗಿದೆ, ಆದರೆ ಒಮ್ಮುಖ. ಸಾಮ್ರಾಜ್ಯ ಕಟ್ಟೋದು ಯುರೋಪಿನವರ ಆವಿಷ್ಕಾರ ಅಲ್ಲ. ಮಂಗೋಲರು, ಒಟ್ಟೋಮನ್ನರು, ಮೊಘಲರು, ಇಂಕಾಗಳು, ಆಮೇಲೆ ಕೊರಿಯಾ ನುಂಗಿದ ಜಪಾನ್, ಯಾರು ಬಿಟ್ಟರು? ಗುಲಾಮರನ್ನು ಹಿಡಿದು ತೀರಕ್ಕೆ ತಂದು ಮಾರಿದವರಲ್ಲಿ ಆಫ್ರಿಕಾದ ರಾಜರೂ ಇದ್ದರು. ಸಹಾರಾ ಮತ್ತು ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಯುರೋಪಿನವರಿಗಿಂತ ಹಳೆಯದು. ಗೆದ್ದವರು ದೋಚಿದರು, ಸೋತವರು ಅತ್ತರು. ಐನೂರು ವರ್ಷದ ಕಣ್ಣೀರನ್ನು ಯುರೋಪಿನ ವಿಳಾಸಕ್ಕೆ ಮಾತ್ರ ಯಾಕೆ ಕಳಿಸಬೇಕು?

ಇನ್ನೊಂದು. ದೋಚಿದ್ದರಿಂದಲೇ ಶ್ರೀಮಂತರಾದರು ಅನ್ನೋದಾದರೆ ಸ್ಪೇನ್ ಇವತ್ತು ಯುರೋಪಿನ ದೊರೆ ಆಗಿರಬೇಕಿತ್ತು. 1545ರಲ್ಲಿ ಈಗಿನ ಬೊಲಿವಿಯಾದ ಪೊತೊಸಿಯ ಬೆಳ್ಳಿ ಬೆಟ್ಟ ಸಿಕ್ಕಿತು. ಅದೇ ಸ್ಪೇನ್ ಸರ್ಕಾರ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿತು.

ಕಡಲಂಚು
ಪೊತೊಸಿಯ ಮಾತು ನಿಜ. ಆ ಬೆಳ್ಳಿಯ ದೊಡ್ಡ ಪಾಲು ಸ್ಪೇನ್‌ನ ಯುದ್ಧಗಳಿಗೆ ಸಾಲ ಕೊಟ್ಟವರ ಕೈಗೆ ಹೋಯ್ತು. ಇನ್ನೊಂದಷ್ಟು ಮನಿಲಾ ಹಡಗುಗಳಲ್ಲಿ ಚೀನಾ ಸೇರಿತು. 1565ರಿಂದ 1815ರವರೆಗೆ ಅಕಾಪುಲ್ಕೊ ಮತ್ತು ಮನಿಲಾ ಮಧ್ಯೆ ಆ ಹಡಗುಗಳು ಓಡಾಡಿದವು. ಇನ್ನೂರೈವತ್ತು ವರ್ಷ ಒಂದೇ ಮಾರ್ಗದ ಸರ್ವಿಸ್! ಚೀನಾದವರು ರೇಷ್ಮೆ, ಪಿಂಗಾಣಿ ಕೊಟ್ಟು ಬೆಳ್ಳಿ ಬಿಟ್ಟು ಬೇರೇನೂ ತಗೋತಿರಲಿಲ್ಲ. ಮುಂದೆ ಬ್ರಿಟಿಷರಿಗೂ ಚಹಾ ಕೊಳ್ಳೋಕೆ ಅದೇ ತಲೆನೋವು. ಅದಕ್ಕೆ ಅವರು ಕಂಡುಕೊಂಡ ಮದ್ದು ಬಂಗಾಳದ ಅಫೀಮು. ಚೀನಾ ಬೇಡ ಅಂದಾಗ 1839ರಲ್ಲಿ ಯುದ್ಧ, 1842ರಲ್ಲಿ ನಾನ್‌ಕಿಂಗ್ ಒಪ್ಪಂದ, ಹಾಂಗ್‌ಕಾಂಗ್ ಕೈಗೆ.

ರಾತ್ರಿಪಾಳಿ
ಅಂದ್ರೆ ಸರ್ಕಾರವೇ ಡ್ರಗ್ಸ್ ಮಾರೋಕೆ ಯುದ್ಧ ಮಾಡ್ತು ಅಂತಾಯ್ತು. ಇದನ್ನ ಶಾಲೆಯಲ್ಲಿ ಇಷ್ಟು ಬಿಡಿಸಿ ಹೇಳಿದ್ರೆ ಇತಿಹಾಸದ ಕ್ಲಾಸಲ್ಲಿ ನಿದ್ದೆ ಬರ್ತಿರ್ಲಿಲ್ಲ.

ಹಳೆ ಮೇಷ್ಟ್ರು
ನೇರನುಡಿಯವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಿಂಸೆ ಎಲ್ಲ ಸಾಮ್ರಾಜ್ಯಗಳಲ್ಲೂ ಇತ್ತು. ಆದರೆ ಎರಡು ವ್ಯತ್ಯಾಸ ಗಮನಿಸಬೇಕು.

ಮೊಘಲರು ಎತ್ತಿದ ಕಂದಾಯವನ್ನು ವಿಲಾಸಕ್ಕೋ ಯುದ್ಧಕ್ಕೋ ಸುರಿದಿರಬಹುದು, ಆದರೆ ಸುರಿದದ್ದು ಇಲ್ಲಿಯೇ. ಬ್ರಿಟಿಷರ ಕಾಲದಲ್ಲಿ ಪಿಂಚಣಿ, ಬಡ್ಡಿ, ಲಂಡನ್ ಕಚೇರಿಯ ಖರ್ಚು ಎಲ್ಲವೂ ‘ಹೋಮ್ ಚಾರ್ಜಸ್’ ಹೆಸರಲ್ಲಿ ಪ್ರತಿ ವರ್ಷ ಹೊರಗೆ ಹರಿದವು. ದಾದಾಭಾಯಿ ನವರೋಜಿ ಇದನ್ನೇ ಸಂಪತ್ತಿನ ಸೋರಿಕೆ ಎಂದು ಬ್ರಿಟಿಷರ ಅಂಕಿಅಂಶಗಳನ್ನೇ ಇಟ್ಟುಕೊಂಡು ತೋರಿಸಿಕೊಟ್ಟರು. 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯಿಂದ ಗೆದ್ದು ಅವರದೇ ಸಂಸತ್ತಿನಲ್ಲಿ ಕೂತು ವಾದಿಸಿದರು.

ಇನ್ನೊಂದು, ಜನಾಂಗದ ಪ್ರಶ್ನೆ. ಹಿಂದಿನ ಸಾಮ್ರಾಜ್ಯಗಳಲ್ಲಿ ಸೋತವನ ಮೊಮ್ಮಗ ಮಂತ್ರಿಯಾಗುವ ದಾರಿ ಎಲ್ಲೋ ಒಂದಿಷ್ಟು ತೆರೆದಿರುತ್ತಿತ್ತು. ಅಟ್ಲಾಂಟಿಕ್‌ನ ಗುಲಾಮಗಿರಿ ಚರ್ಮದ ಬಣ್ಣವನ್ನೇ ಕಾನೂನು ಮಾಡಿತು, ತಾಯಿಯಿಂದ ಮಗುವಿಗೆ ಇಳಿಯುವಂತೆ ಮಾಡಿತು. ಹಡಗು ಹತ್ತಿಸಲ್ಪಟ್ಟವರು ಸುಮಾರು 1.25 ಕೋಟಿ. ಅದರಲ್ಲಿ ಹದಿನೆಂಟು ಲಕ್ಷದಷ್ಟು ಜನ ಆಚೆ ದಡ ಕಾಣಲೇ ಇಲ್ಲ.

ಲೆಕ್ಕಿಗ
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. 1781ರಲ್ಲಿ ಝೋಂಗ್ ಎಂಬ ಬ್ರಿಟಿಷ್ ಹಡಗಿನಿಂದ 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ನೀರು ಸಾಲದು ಅನ್ನೋ ನೆಪ. ಊರಿಗೆ ಮರಳಿದ ಮೇಲೆ ಮಾಲೀಕರು ಕೋರ್ಟಿಗೆ ಹೋದರು. ಯಾಕೆ ಗೊತ್ತೇ? ವಿಮೆ ಹಣ ಕೊಡಿಸಿ ಅಂತ. 1783ರಲ್ಲಿ ನಡೆದ ವ್ಯಾಜ್ಯ ಕೊಲೆ ಕೇಸ್ ಅಲ್ಲ, ಸರಕು ನಷ್ಟದ ಕೇಸ್. ಮಂಗೋಲರೂ ಕೊಂದರು ಸಾರ್. ಕ್ಲೇಮ್ ಫಾರಂ ತುಂಬಲಿಲ್ಲ.

ನೇರನುಡಿ
ಅದೇ ಬ್ರಿಟನ್ 1807ರಲ್ಲಿ ಗುಲಾಮ ವ್ಯಾಪಾರ ನಿಷೇಧಿಸಿತು, 1833ರಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿತು. ಅದನ್ನೂ ಹೇಳಿ ಮಾರಾಯರೆ.

ಲೆಕ್ಕಿಗ
ಹೇಳ್ತೀನಿ, ಖರ್ಚಿನ ಸಮೇತ. 1833ರ ಕಾಯಿದೆಯಲ್ಲಿ 2 ಕೋಟಿ ಪೌಂಡ್ ಪರಿಹಾರ ಇತ್ತು. ಆ ಕಾಲದ ಬ್ರಿಟಿಷ್ ಸರ್ಕಾರದ ವಾರ್ಷಿಕ ಖರ್ಚಿನ ಶೇ. 40ರಷ್ಟು. ಗುಲಾಮರಿಗೆ ಒಂದು ಪೈಸೆ ಇಲ್ಲ, ಪೂರ್ತಿ ಮಾಲೀಕರಿಗೆ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಂಡುಗಳು ಚುಕ್ತಾ ಆದದ್ದು 2015ರಲ್ಲಿ. ಅಂದರೆ ಕೆರಿಬಿಯನ್ ಮೂಲದ ಕಪ್ಪು ಬ್ರಿಟಿಷರು ಕೂಡ, ತಮ್ಮ ಮುತ್ತಾತಂದಿರ ಒಡೆಯರಿಗೆ ಪರಿಹಾರ ಕೊಡಲು ಮಾಡಿದ ಸಾಲಕ್ಕೆ, ಈ ಶತಮಾನದಲ್ಲೂ ತೆರಿಗೆ ಕಟ್ಟಿದರು. ಬಿಡುಗಡೆಯಾದವರೂ ತಕ್ಷಣ ಮನೆಗೆ ಹೋಗಲಿಲ್ಲ, 1838ರವರೆಗೆ ‘ತರಬೇತಿ’ ಹೆಸರಲ್ಲಿ ಅದೇ ಕಬ್ಬಿನ ಗದ್ದೆಯಲ್ಲಿ ದುಡಿದರು. ಆಮೇಲೆ ಅವರ ಜಾಗಕ್ಕೆ ಭಾರತದಿಂದ ಕರಾರು ಕೂಲಿಗಳು ಹೋದರು: ಮಾರಿಷಸ್, ಟ್ರಿನಿಡಾಡ್, ಗಯಾನಾ, ಆಮೇಲೆ ಫಿಜಿ.

ದಾರಿಹೋಕ
2015?! ಇದು ನಿಜವಾ? ನಾನು ಎರಡು ಸಲ ಓದಿದೆ.

ಲೆಕ್ಕಿಗ
ನಿಜ. ಬ್ರಿಟಿಷ್ ಖಜಾನೆ ಇಲಾಖೆಯೇ 2018ರಲ್ಲಿ ಟ್ವೀಟ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡು, ಬೈಸಿಕೊಂಡು, ಅಳಿಸಿಹಾಕಿತು.

ರಾತ್ರಿಪಾಳಿ
ಭಾರತದ ವಿಷಯಕ್ಕೆ ಬಂದ್ರೆ ಲೆಕ್ಕ ಸಿಂಪಲ್. ಬ್ರಿಟಿಷರು ಬರೋವಾಗ ಜಗತ್ತಿನ ಉತ್ಪನ್ನದಲ್ಲಿ ನಮ್ಮ ಪಾಲು ಶೇ. 24, ಹೋಗೋವಾಗ ಶೇ. 4. ಉಳಿದ ಇಪ್ಪತ್ತು ಲೂಟಿ. 45 ಟ್ರಿಲಿಯನ್ ಡಾಲರ್!

ನೇರನುಡಿ
ಇದಕ್ಕೇ ನಂಗೆ ಕೋಪ ಬರೋದು. ಶೇ. 24 ಅನ್ನೋದು ಅರ್ಥಶಾಸ್ತ್ರಜ್ಞ ಆಂಗಸ್ ಮ್ಯಾಡಿಸನ್ ಹಾಕಿದ ಅಂದಾಜು, 1700ಕ್ಕೆ. ಪಾಲು ಇಳಿಯೋಕೆ ನೀವು ಬಡವರಾಗಲೇಬೇಕು ಅಂತಿಲ್ಲ, ಪಕ್ಕದವರು ಹತ್ತು ಪಟ್ಟು ಬೆಳೆದರೂ ಸಾಕು. ಯುರೋಪ್, ಅಮೆರಿಕ ಕೈಗಾರಿಕೆಯಲ್ಲಿ ಬೆಳೆದವು. 45 ಟ್ರಿಲಿಯನ್ ಲೆಕ್ಕ ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಅವರದು. 1765ರಿಂದ 1938ರವರೆಗಿನ ರಫ್ತು ಮಿಗತೆಗೆ ಶೇ. 5 ಚಕ್ರಬಡ್ಡಿ ಹಾಕಿದ್ದಾರೆ. ಇನ್ನೂರು ವರ್ಷ ಚಕ್ರಬಡ್ಡಿ ಹಾಕಿದರೆ ಯಾವ ಮೊತ್ತವೂ ಆಕಾಶ ಮುಟ್ಟುತ್ತೆ.

ನೀಲಿ ಶಾಯಿ
ಚಕ್ರಬಡ್ಡಿ ಬಗ್ಗೆ ನೇರನುಡಿ ಹೇಳಿದ್ದು ಸರಿ. ಆದರೆ “ಪಕ್ಕದವರು ಬೆಳೆದರು” ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ. ನಾವು ಯಾಕೆ ಬೆಳೀಲಿಲ್ಲ ಅನ್ನೋದಲ್ವಾ ಪ್ರಶ್ನೆ? ಮ್ಯಾಡಿಸನ್ ಅಂದಾಜಿನಲ್ಲೇ ಸುಮಾರು ಇನ್ನೂರು ವರ್ಷ ಭಾರತದ ತಲಾ ಆದಾಯ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಇದೇ ಅವಧಿಯಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನ ಬಟ್ಟೆ ಇಲ್ಲಿಗೆ ಸುಂಕ ಇಲ್ಲದೆಯೋ ಅತಿ ಕಡಿಮೆ ಸುಂಕದಲ್ಲೋ ಬರ್ತಿತ್ತು. ತನ್ನ ಕೈಗಾರಿಕೆ ಬೆಳೆಸಿಕೊಳ್ಳೋಕೆ ಅಮೆರಿಕ, ಜರ್ಮನಿ ಸುಂಕದ ಗೋಡೆ ಕಟ್ಟಿಕೊಂಡವು. ಆ ಗೋಡೆ ಕಟ್ಟೋ ಅಧಿಕಾರ ನಮ್ಮ ಕೈಲಿರಲಿಲ್ಲ.

ತರಲೆ
ಆದ್ರೂ ರೈಲು ಕೊಟ್ರಲ್ಲ ಗುರೂ 😌

ಹಳೆ ಮೇಷ್ಟ್ರು
ಕಾಯುತ್ತಿದ್ದೆ, ಯಾವಾಗ ರೈಲು ಬರುತ್ತದೋ ಎಂದು.

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು. ಹಳಿ ಹಾಕಿದ ಬ್ರಿಟಿಷ್ ಕಂಪನಿಗಳಿಗೆ ಸರ್ಕಾರ ಶೇ. 5 ಲಾಭದ ಖಾತರಿ ಕೊಟ್ಟಿತ್ತು. ಲಾಭ ಕಡಿಮೆಯಾದರೆ ಕೊರತೆಯನ್ನು ಭಾರತದ ತೆರಿಗೆಯಿಂದ ತುಂಬಿಕೊಡಬೇಕು. ನಷ್ಟದ ಭಯವಿಲ್ಲದವನು ಮಿತವ್ಯಯ ಯಾಕೆ ಮಾಡುತ್ತಾನೆ? ಮೈಲಿಗೆ ಬೇಕಾಬಿಟ್ಟಿ ಖರ್ಚು ಮಾಡಿದರು. ಎಂಜಿನ್, ಹಳಿ ಎಲ್ಲ ಅಲ್ಲಿಂದಲೇ ಆಮದು. ರೈಲಿನಿಂದ ಉಪಯೋಗವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ‘ಕೊಟ್ಟರು’ ಎನ್ನಬೇಡಿ, ಅಷ್ಟೇ. ಜಪಾನಿಗೆ, ಸಿಯಾಮಿಗೆ (ಈಗಿನ ಥೈಲ್ಯಾಂಡಿಗೆ) ಯಾರ ಗುಲಾಮಗಿರಿಯೂ ಇಲ್ಲದೆ ರೈಲು ಬಂತು.

ಕಡಲಂಚು
ಆಫ್ರಿಕಾದ ರೈಲು ನಕ್ಷೆ ನೋಡಿದರೆ ಇನ್ನೂ ಸ್ಪಷ್ಟ. ಎಷ್ಟೋ ಕಡೆ ಗಣಿಯಿಂದ, ತೋಟದಿಂದ ಹೊರಟ ಹಳಿ ನೆಟ್ಟಗೆ ಬಂದರಿಗೆ. ಪಕ್ಕದ ಊರಿಗೆ ಹೋಗೋಕೆ ಹಳಿ ಇಲ್ಲ.

ಲೆಕ್ಕಿಗ
ಆ ಗಣಿಗೆ ಆಳು ಎಲ್ಲಿಂದ ಬಂದರು ಅನ್ನೋದೂ ತೆರಿಗೆಯ ಕಥೆಯೇ. ಸ್ವಂತ ಹೊಲ, ದನ ಇರೋ ರೈತ ಸುಮ್ಮನೆ ಬಂದು ಬಿಳಿಯನ ಗಣಿಯಲ್ಲಿ ಯಾಕೆ ಇಳೀತಾನೆ? ಅದಕ್ಕೆ ಗುಡಿಸಲು ತೆರಿಗೆ. ಪ್ರತಿ ಗುಡಿಸಲಿಗೆ ಇಷ್ಟು, ನಾಣ್ಯದಲ್ಲೇ ಕಟ್ಟಬೇಕು, ಧಾನ್ಯ ನಡೆಯಲ್ಲ. ನಾಣ್ಯ ಸಿಗೋದು ಬಿಳಿಯನ ಹತ್ತಿರ ಕೂಲಿ ಮಾಡಿದರೆ ಮಾತ್ರ. ಚಾಟಿ ಬೇಕಾಗಿಲ್ಲ, ರಸೀತಿ ಪುಸ್ತಕ ಸಾಕು. ಸಿಯೆರಾ ಲಿಯೋನ್‌ನಲ್ಲಿ 1898ರಲ್ಲಿ ಇದರ ವಿರುದ್ಧ ಬಾಯಿ ಬುರೆ ನೇತೃತ್ವದಲ್ಲಿ ಯುದ್ಧವೇ ನಡೀತು. ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ತಲೆಗೆ ಒಂದು ಪೌಂಡ್ ತೆರಿಗೆ ಹಾಕಿದಾಗ 1906ರಲ್ಲಿ ಬಂಬಾಥಾ ದಂಗೆ.

ನೀಲಿ ಶಾಯಿ
ಆ ಬಂಬಾಥಾ ದಂಗೆಯಲ್ಲಿ ಬ್ರಿಟಿಷರ ಕಡೆ ಗಾಯಾಳುಗಳನ್ನು ಹೊರುವ ತಂಡ ಕಟ್ಟಿಕೊಂಡು ಹೋಗಿದ್ದವರು ಗಾಂಧೀಜಿ. ಅಲ್ಲಿ ಜುಲು ಜನರ ಬೆನ್ನ ಮೇಲಿನ ಚಾಟಿ ಗಾಯಗಳಿಗೆ ಅವರ ತಂಡವೇ ಶುಶ್ರೂಷೆ ಮಾಡಿತು.

ರಾತ್ರಿಪಾಳಿ
ಗಾಂಧಿ ಆಗ ಬ್ರಿಟಿಷ್ ನಿಷ್ಠರೇ ಆಗಿದ್ರು, ಇದನ್ನ ಹೇಳಿದ್ರೆ ಜನ ಮೈಮೇಲೆ ಬೀಳ್ತಾರೆ. ಇನ್ನು

ನಿರ್ವಾಹಕ
ಗಾಂಧಿ ಬಗ್ಗೆ ಬೇರೆ ಚರ್ಚೆ ನಡೀತಿದೆ, ಅಲ್ಲಿ ಹೋಗಿ. ಮುಂದಿನ ಹದಿಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ದಾರಿಹೋಕ
ಕಾಂಗೋ ಬಗ್ಗೆ ಯಾರೂ ಮಾತಾಡಲಿಲ್ಲ?

ಹಳೆ ಮೇಷ್ಟ್ರು
1884ರ ನವೆಂಬರಿನಿಂದ 1885ರ ಫೆಬ್ರವರಿವರೆಗೆ ಬಿಸ್ಮಾರ್ಕ್ ಕರೆದ ಬರ್ಲಿನ್ ಸಮ್ಮೇಳನ. ಹದಿನಾಲ್ಕು ದೇಶಗಳು ಕೂತು ಆಫ್ರಿಕಾದಲ್ಲಿ ಹಕ್ಕು ಸ್ಥಾಪಿಸುವ ನಿಯಮ ಬರೆದವು. ಆಫ್ರಿಕಾದ ಒಬ್ಬನೂ ಆ ಕೋಣೆಯಲ್ಲಿರಲಿಲ್ಲ. (ಅಲ್ಲೇ ಕೂತು ಪೂರ್ತಿ ಭೂಪಟ ಹರಿದು ಹಂಚಿದರು ಎನ್ನುವುದು ಉತ್ಪ್ರೇಕ್ಷೆ. ಬಹುತೇಕ ಗಡಿಗಳು ನಂತರದ ಇಪ್ಪತ್ತು ವರ್ಷಗಳ ಕರಾರುಗಳಲ್ಲಿ ಬಂದವು.) ಅದೇ ಗದ್ದಲದಲ್ಲಿ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ಕಾಂಗೋವನ್ನು ಗಿಟ್ಟಿಸಿಕೊಂಡ. ದೇಶಕ್ಕಲ್ಲ, ಸ್ವಂತಕ್ಕೆ. ಹಳ್ಳಿಗಿಷ್ಟು ರಬ್ಬರ್ ಎಂದು ಗೊತ್ತುಮಾಡಿದ. ಸೈನಿಕರು ಗುಂಡು ಪೋಲು ಮಾಡಿಲ್ಲ ಎಂದು ತೋರಿಸಲು ಕೊಂದವರ ಕೈ ಕತ್ತರಿಸಿ ತಂದು ಒಪ್ಪಿಸಬೇಕಿತ್ತು. ಎಷ್ಟೋ ಸಲ ಬದುಕಿದ್ದವರ ಕೈಯೂ ಹೋಯಿತು.

ಲೆಕ್ಕಿಗ
ಇದು ಬಯಲಾದ ರೀತಿ ಕೇಳಿ. ಲಿವರ್‌ಪೂಲ್‌ನ ಹಡಗು ಕಂಪನಿಯಲ್ಲಿ ಇ. ಡಿ. ಮೊರೆಲ್ ಅಂತ ಒಬ್ಬ ಗುಮಾಸ್ತ. ಆಂಟ್‌ವರ್ಪ್ ಬಂದರಲ್ಲಿ ಸರಕಿನ ಲೆಕ್ಕ ನೋಡೋದು ಅವನ ಕೆಲಸ. ಕಾಂಗೋದಿಂದ ಬರೋ ಹಡಗಿನ ತುಂಬ ರಬ್ಬರ್, ದಂತ. ಹಿಂದಕ್ಕೆ ಹೋಗೋ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು. ವ್ಯಾಪಾರದ ಸಾಮಾನು ಹೆಸರಿಗಷ್ಟೇ. ಕೊಂಡ ಮಾಲಿಗೆ ಬದಲು ಏನೂ ಹೋಗ್ತಿಲ್ಲ ಅಂದಮೇಲೆ ಅದು ವ್ಯಾಪಾರ ಅಲ್ಲ, ಜೀತ ಅಂತ ಕೂತಲ್ಲೇ ಹಿಡಿದುಬಿಟ್ಟ. ಕೆಲಸ ಬಿಟ್ಟು ಹೋರಾಟಕ್ಕಿಳಿದ. 1904ರಲ್ಲಿ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ವರದಿ ಬಂತು, 1908ರಲ್ಲಿ ಲಿಯೊಪೋಲ್ಡ್ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯ್ತು. ಗುಮಾಸ್ತರನ್ನು ಕಡೆಗಣಿಸಬೇಡಿ ಅಂತ ಆಫೀಸಲ್ಲಿ ಈ ಕಥೆ ಎಲ್ಲರಿಗೂ ಹೇಳ್ತಿರ್ತೀನಿ, ಪ್ರಯೋಜನ ಇಲ್ಲ.

ತರಲೆ
ಲೆಕ್ಕಿಗರೇ, ಇಷ್ಟು ಹೊತ್ತಿಗೆ ನಿಮ್ಮ ಕೆಲಸ ಏನು ಅಂತ ನಮಗೆಲ್ಲ ಗೊತ್ತಾಯ್ತು.

ರಾತ್ರಿಪಾಳಿ
ಸರಿ, ಹಳೇದು ಸಾಕು. ಈಗಿನದು ಹೇಳಿ. ಬಾಲ ಉಳಿದಿದೆಯಾ ಅಂತ ಕೇಳಿದ್ರಲ್ಲ.

ಲೆಕ್ಕಿಗ
ಹೈಟಿಯಿಂದ ಶುರುಮಾಡಿ. ಫ್ರೆಂಚರ ಅತಿ ಲಾಭದ ಸಕ್ಕರೆ ವಸಾಹತು. 1791ರಲ್ಲಿ ಗುಲಾಮರು ದಂಗೆಯೆದ್ದು, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆ ಕಳಿಸಿ ಹೇಳಿದ: ನಿಮ್ಮ ಸ್ವಾತಂತ್ರ್ಯ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ. ಯಾಕೆ? ನಮ್ಮ ತೋಟದವರು ಆಸ್ತಿ ಕಳೆದುಕೊಂಡಿದ್ದಾರೆ. ಆ ‘ಆಸ್ತಿ’ಯಲ್ಲಿ ಹೈಟಿಯ ಜನರೂ ಸೇರಿದ್ದರು!

ಮೊದಲ ಕಂತು 3 ಕೋಟಿ. ಹೈಟಿ ಹತ್ತಿರ ಇರಲಿಲ್ಲ, ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರವೇ ಸಾಲ ಎತ್ತಿತು. ಅವರು 60 ಲಕ್ಷ ಮುರಿದುಕೊಂಡು 2.4 ಕೋಟಿ ಕೈಗೆ ಕೊಟ್ಟರು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು, ಆದರೆ ಸಾಲ ತೀರಿಸೋಕೆ ಸಾಲ, ಅದಕ್ಕೆ ಮತ್ತೊಂದು ಸಾಲ. 1914ರಲ್ಲಿ ಅಮೆರಿಕದ ನೌಕಾ ಸೈನಿಕರು ಹೈಟಿಯ ಬ್ಯಾಂಕಿನಿಂದ ಚಿನ್ನ ಹೊತ್ತೊಯ್ದರು, ಮರುವರ್ಷ ದೇಶವನ್ನೇ ಹಿಡಿದು 1934ರವರೆಗೆ ಕೂತರು. ಈ ಸಾಲದ ಸರಪಳಿಯ ಕೊನೆಯ ಕಂತು ತೀರಿದ್ದು 1947ರಲ್ಲಿ. ಆಮೇಲೆ ಪತ್ರಿಕೆಗಳಲ್ಲಿ “ಹೈಟಿ ಯಾಕೆ ಇಷ್ಟು ಬಡ ದೇಶ?” ಅಂತ ಲೇಖನ ಬರುತ್ತೆ.

ಇಂಡೋನೇಷ್ಯಾವೂ ಹೀಗೇ. 1949ರಲ್ಲಿ ಡಚ್ಚರು ಸ್ವಾತಂತ್ರ್ಯ ಒಪ್ಪಿದಾಗ ವಸಾಹತು ಸರ್ಕಾರ ಮಾಡಿದ್ದ 400 ಕೋಟಿಗೂ ಹೆಚ್ಚು ಗಿಲ್ಡರ್ ಸಾಲವನ್ನು ಹೊಸ ದೇಶದ ತಲೆಗೆ ಕಟ್ಟಿದರು. 1956ರಲ್ಲಿ ಇಂಡೋನೇಷ್ಯಾ ಉಳಿದ ಕಂತು ಕೊಡಲ್ಲ ಅಂತ ನಿಲ್ಲಿಸಿತು. ಒಳ್ಳೆ ಕೆಲಸ ಮಾಡಿತು.

ನೀಲಿ ಶಾಯಿ
ಕೆಲವು ಕಡೆ ಸಾಲ ಮೊದಲು, ಸೈನ್ಯ ಆಮೇಲೆ. ಈಜಿಪ್ಟ್ ನೋಡಿ. 1869ರಲ್ಲಿ ಸೂಯೆಜ್ ಕಾಲುವೆ ತೆರೀತು. ಸಾಲದಲ್ಲಿ ಮುಳುಗಿದ್ದ ಅಲ್ಲಿನ ದೊರೆ ಖೆಡಿವ್ ಇಸ್ಮಾಯಿಲ್ 1875ರಲ್ಲಿ ತನ್ನ ಪಾಲಿನ ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. 1876ರಲ್ಲಿ ಸಾಲ ಕೊಟ್ಟವರ ಆಯೋಗ ಕೈರೋದಲ್ಲಿ ಬಂದು ಕೂತಿತು. 1882ರಲ್ಲಿ ಬ್ರಿಟಿಷ್ ಸೈನ್ಯ ಇಳೀತು, “ಸ್ವಲ್ಪ ದಿನ ಮಾತ್ರ” ಅಂತ. ಕಾಲುವೆ ತೀರದಿಂದ ಕೊನೆಯ ತುಕಡಿ ಹೊರಟದ್ದು 1956ರಲ್ಲಿ. ಟ್ಯುನೀಷಿಯಾದಲ್ಲೂ ಅದೇ ಸಾಲು: 1869ರಲ್ಲಿ ಸಾಲದ ಆಯೋಗ, 1881ರಲ್ಲಿ ಫ್ರೆಂಚ್ ಸೈನ್ಯ.

ದಾರಿಹೋಕ
ಸಿಎಫ್‌ಎ ಫ್ರಾಂಕ್ ಬಗ್ಗೆ ಎಲ್ಲೋ ಓದಿದ್ದೆ. ಆಫ್ರಿಕಾದ 14 ದೇಶಗಳು ಈಗಲೂ ಫ್ರಾನ್ಸ್ ಹುಟ್ಟುಹಾಕಿದ ನೋಟು ಬಳಸ್ತಾವಂತೆ?

ನೀಲಿ ಶಾಯಿ
ಹೌದು. 1945ರ ಡಿಸೆಂಬರಿನಲ್ಲಿ ಹುಟ್ಟಿದ್ದು. ಮೊದಲು ಫ್ರೆಂಚ್ ಫ್ರಾಂಕ್‌ಗೆ, ಈಗ ಯೂರೋಗೆ ಕಟ್ಟಿಹಾಕಿದ್ದಾರೆ. ಬಹುಕಾಲ ಆ ದೇಶಗಳು ತಮ್ಮ ವಿದೇಶಿ ವಿನಿಮಯದ ಅರ್ಧ ಭಾಗವನ್ನು ಪ್ಯಾರಿಸ್ಸಿನ ಖಜಾನೆಯಲ್ಲಿ ಇಡಬೇಕಿತ್ತು. 1994ರಲ್ಲಿ ಫ್ರೆಂಚ್ ಫ್ರಾಂಕ್ ಎದುರು ಅದರ ಬೆಲೆ ಒಂದೇ ಏಟಿಗೆ ಅರ್ಧಕ್ಕೆ ಇಳೀತು. ಪಶ್ಚಿಮ ಆಫ್ರಿಕಾದ ದೇಶಗಳಿಗೆ ಪ್ಯಾರಿಸ್ ಠೇವಣಿಯ ನಿಯಮ ತೆಗೆಯೋಣ ಅಂತ ಒಪ್ಪಿಗೆ ಆದದ್ದು 2019ರಲ್ಲಿ.

ನೇರನುಡಿ
ಪೂರ್ತಿ ಹೇಳಿ ಮೇಡಂ. ಮಾಲಿ 1962ರಲ್ಲಿ ಬಿಟ್ಟು ಹೋಗಿ 1984ರಲ್ಲಿ ವಾಪಸ್ ಬಂತು. ಫ್ರೆಂಚರ ಕೈಕೆಳಗೆ ಇಲ್ಲದೇ ಇದ್ದ ಈಕ್ವಟೋರಿಯಲ್ ಗಿನಿ 1985ರಲ್ಲಿ, ಗಿನಿ-ಬಿಸ್ಸಾವ್ 1997ರಲ್ಲಿ ತಾವಾಗಿಯೇ ಸೇರಿದವು. ಯಾರೂ ಕುತ್ತಿಗೆಗೆ ಹಗ್ಗ ಹಾಕಿ ಎಳೆದು ತರಲಿಲ್ಲ. ಪಕ್ಕದ ದೇಶಗಳಲ್ಲಿ ಹಣದುಬ್ಬರ ಏರಿ ನೋಟು ಕಾಗದ ಆದಾಗ ಇವರ ನೋಟು ಬೆಲೆ ಉಳಿಸಿಕೊಂಡಿತು.

ನೀಲಿ ಶಾಯಿ
ಬೆಲೆ ಉಳೀತು, ಒಪ್ಪಿದೆ. ಆದರೆ ಆ ಗಟ್ಟಿ ನೋಟಿನಿಂದ ರಫ್ತು ದುಬಾರಿ, ಆಮದು ಅಗ್ಗ. ಲಾಭ ಆದದ್ದು ಪ್ಯಾರಿಸ್ಸಿನಲ್ಲಿ ಮನೆ ಕೊಳ್ಳೋ ಮಂತ್ರಿಗೆ, ಹತ್ತಿ ಬೆಳೆಯೋ ರೈತನಿಗಲ್ಲ. ಯಾಕೆ ಹೆಚ್ಚಿನವರು ಬಿಡಲಿಲ್ಲ ಅಂದ್ರೆ ಅದಕ್ಕೂ ಒಂದು ನೆನಪಿದೆ: ಫ್ರಾನ್ಸಿನ ಒಕ್ಕೂಟದಲ್ಲಿ ಉಳಿಯಬೇಕೇ ಅನ್ನೋ 1958ರ ಜನಮತದಲ್ಲಿ ‘ಬೇಡ’ ಅಂದ ಗಿನಿಯಿಂದ ಫ್ರೆಂಚರು ಅಧಿಕಾರಿಗಳನ್ನೂ ನೆರವನ್ನೂ ರಾತ್ರೋರಾತ್ರಿ ಎತ್ತಿಕೊಂಡು ಹೋದರು. ಕಡತ, ಟೆಲಿಫೋನ್ ಕೂಡ ಬಿಡಲಿಲ್ಲ. ಉಳಿದವರು ಅದನ್ನು ನೋಡಿದ್ದರು.

ಕಡಲಂಚು
ದುಡ್ಡಿನ ಮಾತಲ್ಲಿ ಗಡಿ ಮರೆತೇಹೋಯ್ತು. 1947ರ ದೇಶ ವಿಭಜನೆಯ ಗೆರೆ ಎಳೆದ ಬ್ರಿಟಿಷ್ ವಕೀಲ ರಾಡ್‌ಕ್ಲಿಫ್‌ಗೆ ಪಂಜಾಬ್, ಬಂಗಾಳ ಎರಡನ್ನೂ ಸೀಳೋಕೆ ಸಿಕ್ಕಿದ್ದು ಐದು ವಾರ. ಆತ ಅದಕ್ಕೆ ಮುಂಚೆ ಭಾರತಕ್ಕೆ ಬಂದವನೇ ಅಲ್ಲ. ರುವಾಂಡಾದಲ್ಲಿ ಬೆಲ್ಜಿಯಂನವರು 1930ರ ದಶಕದಲ್ಲಿ ಪ್ರತಿಯೊಬ್ಬನಿಗೂ ಹುಟು, ಟುಟ್ಸಿ ಅಂತ ಬರೆದ ಗುರುತಿನ ಚೀಟಿ ಕೊಟ್ಟರು. 1994ರ ನರಮೇಧದಲ್ಲಿ ರಸ್ತೆ ತಡೆಗಳಲ್ಲಿ ಅದೇ ಬಗೆಯ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು.

ನೇರನುಡಿ
ಕೊಂದವರು ಬೆಲ್ಜಿಯಂನವರಲ್ಲ. ಅರವತ್ತು ವರ್ಷದ ನಂತರದ ಕೊಲೆಗೆ ಚೀಟಿ ಬರೆದವನನ್ನು ಮಾತ್ರ ಹೊಣೆ ಮಾಡಿದರೆ ಕತ್ತಿ ಹಿಡಿದವನಿಗೆ ರಿಯಾಯಿತಿ ಕೊಟ್ಟಂತೆ. ಗಡಿಯ ವಿಷಯದಲ್ಲೂ, 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕಾದ ನಾಯಕರೇ ‘ಸ್ವಾತಂತ್ರ್ಯ ಬಂದಾಗ ಇದ್ದ ಗಡಿಯೇ ಇರಲಿ’ ಅಂತ ತೀರ್ಮಾನಿಸಿದರು.

ಹಳೆ ಮೇಷ್ಟ್ರು
ಗಡಿ ಕೆದಕಿದರೆ ನೂರು ಯುದ್ಧವಾಗುತ್ತದೆ ಎಂಬ ಭಯದಿಂದ ಒಪ್ಪಿದರು. ಇಷ್ಟಪಟ್ಟು ಅಲ್ಲ. ಕತ್ತಿಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆಗಿದ್ದೇನೆ.

ರಾತ್ರಿಪಾಳಿ
ಪರಿಹಾರ ಯಾರಾದ್ರೂ ಕೊಟ್ಟಿದ್ದಾರಾ? ಕ್ಷಮೆ ಬಿಟ್ಟು?

ನೀಲಿ ಶಾಯಿ
ಕೀನ್ಯಾದಲ್ಲಿ ಬ್ರಿಟಿಷರ ವಿರುದ್ಧ ನಡೆದ ಮೌ ಮೌ ಹೋರಾಟದಲ್ಲಿ ಚಿತ್ರಹಿಂಸೆ ಅನುಭವಿಸಿದ 5,228 ಜನರಿಗೆ ಬ್ರಿಟನ್ 2013ರಲ್ಲಿ 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಆ ಕೇಸ್ ನಡೆಯುವಾಗಲೇ, ಬ್ರಿಟಿಷ್ ಸರ್ಕಾರ ಹಲವು ವಸಾಹತುಗಳಿಂದ ತಂದು ದಶಕಗಟ್ಟಲೆ ಬಚ್ಚಿಟ್ಟಿದ್ದ ಸಾವಿರಾರು ಕಡತ 2011ರಲ್ಲಿ ಹೊರಬಿದ್ದವು. ಜರ್ಮನ್ ವಸಾಹತಾಗಿದ್ದ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಹೆರೆರೊ, ನಾಮಾ ಜನರನ್ನು ಕೊಂದದ್ದು ನರಮೇಧ ಅಂತ ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. 110 ಕೋಟಿ ಯೂರೋ, 30 ವರ್ಷದ ಕಂತಿನಲ್ಲಿ. ಆದರೆ ‘ಪರಿಹಾರ’ ಅಂತ ಕರೆಯಲ್ಲ, ‘ಅಭಿವೃದ್ಧಿ ನೆರವು’.

ಲೆಕ್ಕಿಗ
ಗುಲಾಮರ ಮಾಲೀಕರಿಗೆ ಕೊಟ್ಟಾಗ ಮಾತ್ರ ‘ಪರಿಹಾರ’ ಅಂತ ನೇರವಾಗಿಯೇ ಬರೆದಿದ್ದರು.

ತರಲೆ
ಮ್ಯೂಸಿಯಂ ಸಾಮಾನು?

ಕಡಲಂಚು
1897ರಲ್ಲಿ ಬ್ರಿಟಿಷರು ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆ ಸುಟ್ಟು ಹೊತ್ತೊಯ್ದ ಕಂಚಿನ ಶಿಲ್ಪಗಳಲ್ಲಿ ಜರ್ಮನಿಗೆ ಸೇರಿದ್ದ ಪಾಲಿನ ಒಡೆತನ 2022ರಲ್ಲಿ ನೈಜೀರಿಯಾಕ್ಕೆ ಮರಳಿತು. ಬ್ರಿಟಿಷ್ ಮ್ಯೂಸಿಯಂ ಮಾತ್ರ 1963ರ ಕಾಯಿದೆ ತೋರಿಸಿ “ಕೊಡೋಕೆ ನಮಗೆ ಅಧಿಕಾರವಿಲ್ಲ” ಅನ್ನುತ್ತೆ. ಕಾಯಿದೆ ಬರೆದವರು ಯಾರೋ! ಅದೇ 2022ರಲ್ಲಿ ಬೆಲ್ಜಿಯಂ ಕಾಂಗೋಕ್ಕೆ ಒಂದು ಹಲ್ಲು ವಾಪಸ್ ಕೊಟ್ಟಿತು. 1961ರಲ್ಲಿ ಕೊಲೆಯಾದ ಮೊದಲ ಪ್ರಧಾನಿ ಲುಮುಂಬಾರ ದೇಹದಲ್ಲಿ ಉಳಿದದ್ದು ಅಷ್ಟೇ.

ದಾರಿಹೋಕ
ಕೊನೇ ಪ್ರಶ್ನೆ. ಹಾಗಾದರೆ ಥೈಲ್ಯಾಂಡ್ ಹೇಗೆ ತಪ್ಪಿಸಿಕೊಂಡಿತು? ಇಥಿಯೋಪಿಯಾ 1896ರಲ್ಲಿ ಅಡ್ವಾದಲ್ಲಿ ಇಟಲಿಯನ್ನು ಸೋಲಿಸಿ ಉಳೀತು, ಅದು ಗೊತ್ತು. ಥೈಲ್ಯಾಂಡ್ ಯಾವ ಯುದ್ಧ ಗೆದ್ದಿತು?

ಹಳೆ ಮೇಷ್ಟ್ರು
ಗೆಲ್ಲಲಿಲ್ಲ, ಕೊಟ್ಟು ಉಳಿಯಿತು. 1855ರಲ್ಲಿ ಬೌರಿಂಗ್ ಒಪ್ಪಂದಕ್ಕೆ ಸಹಿ ಹಾಕಿ ಆಮದು ಸುಂಕವನ್ನು ಶೇ. 3ಕ್ಕೆ ಕಟ್ಟಿಹಾಕಿಕೊಂಡಿತು. ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೆ ಸಿಯಾಮಿನ ಕೋರ್ಟು ಮುಟ್ಟುವಂತಿಲ್ಲ. 1893ರಲ್ಲಿ ಲಾವೋಸ್ ಕಡೆಯ ನೆಲ, 1907ರಲ್ಲಿ ಕಾಂಬೋಡಿಯ ಕಡೆಯ ಪ್ರಾಂತ್ಯಗಳು ಫ್ರೆಂಚರಿಗೆ ಹೋದವು. 1909ರಲ್ಲಿ ನಾಲ್ಕು ಮಲಯ ರಾಜ್ಯಗಳು ಬ್ರಿಟಿಷರಿಗೆ. ಬರ್ಮಾದ ಬ್ರಿಟಿಷರು, ಇಂಡೋಚೀನಾದ ಫ್ರೆಂಚರು ಒಬ್ಬರಿಗೊಬ್ಬರು ಮುಖ ತಾಗಿಸಿಕೊಳ್ಳದಿರಲು ನಡುವೆ ಒಂದು ದೇಶ ಬೇಕಿತ್ತು. ಚುಲಾಲಾಂಗ್‌ಕಾರ್ನ್ ದೊರೆ ಅದನ್ನು ಚೆನ್ನಾಗಿ ಅರಿತಿದ್ದ. ಸುಂಕ ಹಾಕುವ ಪೂರ್ಣ ಅಧಿಕಾರ ಮರಳಿ ಸಿಕ್ಕಿದ್ದು 1920ರ ದಶಕದಲ್ಲಿ.

ನೇರನುಡಿ
ಅಂದರೆ ಜಾಣ ದೊರೆ ಇದ್ದರೆ ಉಳಿಯಬಹುದಿತ್ತು ಅಂತಾಯ್ತು. ನಾನು ಮೊದಲಿನಿಂದ ಹೇಳ್ತಿರೋದೂ ಅದೇ, ಸ್ಥಳೀಯರ ಪಾತ್ರ.

ನೀಲಿ ಶಾಯಿ
ಜಾಣ ದೊರೆ, ಜೊತೆಗೆ ಎರಡೂ ಪಕ್ಕದಲ್ಲಿ ಒಬ್ಬರನ್ನೊಬ್ಬರು ನಂಬದ ಕಳ್ಳರು. ಎರಡನೆಯದು ಎಲ್ಲರಿಗೂ ಸಿಗಲ್ಲ. ಪರ್ಷಿಯಾಕ್ಕೂ (ಈಗಿನ ಇರಾನ್) ಬ್ರಿಟನ್, ರಷ್ಯಾ ಅಂತ ಅಂಥದೇ ಜೋಡಿ ಇತ್ತು. 1907ರಲ್ಲಿ ಅವರಿಬ್ಬರೂ ರಾಜಿಯಾಗಿ ಅದನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡರು, ಪರ್ಷಿಯಾದವರನ್ನು ಒಂದು ಮಾತೂ ಕೇಳದೆ.

ತರಲೆ
ಪರ್ಷಿಯಾ ಅಂದ್ರೆ ಮುಂದೆ ಎಣ್ಣೆ ಬರುತ್ತೆ. ಎಣ್ಣೆ ಬಂದ್ರೆ ಲೆಕ್ಕಿಗರು ಬೆಳಗಿನ ತನಕ ಬರೀತಾರೆ. ನಾನು ಮಲಗ್ತೀನಿ.

ಲೆಕ್ಕಿಗ
1901ರಲ್ಲಿ ಡಾರ್ಸಿ ಎಂಬವನಿಗೆ 60 ವರ್ಷದ ಗುತ್ತಿಗೆ, ಪರ್ಷಿಯಾಕ್ಕೆ ನಿವ್ವಳ ಲಾಭದ ಶೇ. 16. ಆ ‘ನಿವ್ವಳ’ವನ್ನು ಲೆಕ್ಕ ಹಾಕುತ್ತಿದ್ದದ್ದು ಕಂಪನಿಯೇ. ಉಳಿದದ್ದನ್ನು ಹೊಸ ಚರ್ಚೆ ತೆರೆದು ಬರೀತೀನಿ, ಅಲ್ಲಿಗೆ ಬನ್ನಿ.